ಕಾಂಡ್ಲಾ ಬುಡದ ಕೆಸರಿನಲ್ಲಿ ಇಂಗಾಲದ ಲೆಕ್ಕ

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಅಳತೆಗೆ ಹೊರಡುವ ಮೊದಲು ಪಂಚಾಂಗ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತ ಸಣ್ಣದಾಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ನೀರು ಇಳಿಯತೊಡಗಿದಾಗ ದೋಣಿಯಲ್ಲಿ ಒಳಗಿನ ಕಾಲುವೆ ಹೊಕ್ಕು, ಅದು ಬತ್ತಿದ ಮೇಲೆ ಕೆಸರಿಗಿಳಿದು ಕೆಲಸ ಮುಗಿಸಿ, ಮತ್ತೆ ನೀರು ತುಂಬುವಾಗ ಅದೇ ದೋಣಿಯಲ್ಲಿ ಹೊರಬರಬೇಕು. ನಡುವೆ ಸಿಗುವುದು ಮೂರ್ನಾಲ್ಕು ತಾಸು. ಬೇಗ ಹೋದರೆ ನೆಲವೇ ಕಾಣುವುದಿಲ್ಲ. ತಡವಾಗಿ ಹೋದರೆ ದೋಣಿ ಅರ್ಧ ದಾರಿಯಲ್ಲೇ ಕೆಸರಿಗೆ ಕೂರುತ್ತದೆ.

ನಾನು ಉತ್ತರ ಕನ್ನಡದ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕುಮಟಾ ತಾಲೂಕಿನ ಈ ಅಳಿವೆಯ ಕಾಂಡ್ಲಾ ಕಾಡುಗಳಲ್ಲಿ ಎಷ್ಟು ಇಂಗಾಲ ಕೂಡಿಬಿದ್ದಿದೆ ಎಂದು ಅಳೆಯುವ ಕೆಲಸವನ್ನು ವಿದ್ಯಾರ್ಥಿಗಳ ಜೊತೆ ಕೈಗೆತ್ತಿಕೊಂಡೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಘಟ್ಟ ಇಳಿದು ಬರುವ ನೀರು ಮಳೆಗಾಲದಲ್ಲಿ ತನ್ನ ಹೂಳನ್ನೆಲ್ಲ ತಡೆಯಿಲ್ಲದೆ ಕಡಲ ಬಾಯಿಯವರೆಗೆ ತರುತ್ತದೆ. ಬಳಚು ಎಂಬ ಚಿಪ್ಪುಜೀವಿ, ಏಡಿ, ಸಿಗಡಿ, ಕಾಂಡ್ಲಾ ಎಲ್ಲಕ್ಕೂ ಆ ಹೂಳೇ ಆಧಾರ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಇಲ್ಲಿನ ಕಾಂಡ್ಲಾ ಮಾತ್ರ ಬಹಳ ಸಣ್ಣ ಹರವಿನದು. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯಂತೆ ದೇಶದ 4,992 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನಲ್ಲಿ ಇಡೀ ಕರ್ನಾಟಕದ ಪಾಲು 13 ಚದರ ಕಿಲೋಮೀಟರ್.

ಇಷ್ಟು ಸಣ್ಣ ಕಾಡಿಗೆ ಪ್ರತ್ಯೇಕ ಅಳತೆ ಬೇಕೇ ಎಂದು ಕೇಳಿದವರಿದ್ದಾರೆ. ಬೇಕು ಎಂದೇ ನನ್ನ ಉತ್ತರ. 2011ರಲ್ಲಿ ಡೇನಿಯಲ್ ಡೊನಾಟೊ ಮತ್ತು ಸಂಗಡಿಗರು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ 25 ಕಾಂಡ್ಲಾ ಕಾಡುಗಳನ್ನು ಅಳೆದು, ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲವಿದೆ ಎಂದರು. ಅದರಲ್ಲಿ ಮಣ್ಣಿನ ಪಾಲು ಕಾಡಿನಿಂದ ಕಾಡಿಗೆ 49ರಿಂದ 98 ಶೇಕಡದವರೆಗೆ ಇತ್ತು. ಆ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಆದರೆ ಆಮೇಲೆ ಆದದ್ದೇನು? ಎಲ್ಲೆಲ್ಲೂ ಆ ಸಾವಿರದ ಅಂಕಿಯನ್ನು ಎತ್ತಿಕೊಂಡು ತಮ್ಮ ಊರಿನ ಹೆಕ್ಟೇರಿನಿಂದ ಗುಣಿಸುವ ರೂಢಿ ಬಂತು. ಇಂಡೋನೇಷ್ಯಾದಲ್ಲಿ ಮೂರು ಮೀಟರ್ ಆಳದ ಕಪ್ಪು ಮಣ್ಣಿನ ಮೇಲೆ ನಿಂತ ಕಾಡಿಗೂ, ನಮ್ಮಲ್ಲಿ ಕೆಲವೆಡೆ ಎದೆಯಾಳಕ್ಕೆ ಹೋಗುವುದರೊಳಗೆ ಮರಳು ಸಿಗುವ ನದಿದಂಡೆಯ ಪಟ್ಟಿಗೂ ಒಂದೇ ಅಂಕಿ ಹೇಗೆ ಹೊಂದುತ್ತದೆ? ನಮ್ಮ ನೆಲದ ಅಂಕಿ ಸಣ್ಣದೇ ಇರಲಿ, ಅದು ನಮ್ಮ ನೆಲದಿಂದಲೇ ಬರಬೇಕು.

ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಅತಿ ಸೂಕ್ಷ್ಮ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಪತ್ರವಿಲ್ಲದೆ ಒಂದು ಹಿಡಿ ಮಣ್ಣು ತೆಗೆಯುವಂತಿಲ್ಲ. ಆ ಪತ್ರ ಕೈಗೆ ಬಂದ ಮೇಲೆಯೇ ದೋಣಿ ಹುಡುಕಿದ್ದು.

ನಾವು ಅನುಸರಿಸಿದ್ದು ಬೂನ್ ಕೌಫ್‌ಮನ್ ಮತ್ತು ಡೊನಾಟೊ 2012ರಲ್ಲಿ ಬರೆದಿಟ್ಟ ವಿಧಾನವನ್ನು. ನೀರಿನ ಅಂಚಿನಿಂದ ಕಾಡಿನ ಒಳಕ್ಕೆ ನೇರ ಗೆರೆ ಹಿಡಿಯಬೇಕು. ಗೆರೆಯ ಮೇಲೆ 25 ಮೀಟರಿಗೊಂದರಂತೆ ಆರು ವೃತ್ತ. ಪ್ರತಿ ವೃತ್ತದ ತ್ರಿಜ್ಯ 7 ಮೀಟರ್, ಅಂದರೆ ಸುಮಾರು 154 ಚದರ ಮೀಟರ್ ನೆಲ. ಅದರೊಳಗೆ 5 ಸೆಂಟಿಮೀಟರಿಗಿಂತ ದಪ್ಪದ ಮರಗಳೆಲ್ಲವನ್ನೂ ಅಳೆಯಬೇಕು. ಸಣ್ಣ ಗಿಡಗಳಿಗೆ ಅದೇ ನಡುಬಿಂದುವಿನಿಂದ 2 ಮೀಟರ್ ತ್ರಿಜ್ಯದ ಇನ್ನೊಂದು ವೃತ್ತ. ಬಿದ್ದ ಮರ, ಒಣಕೊಂಬೆಗಳಿಗೆ ಬೇರೆ ಗೆರೆ. ಅದರಲ್ಲಿ ನಮಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ, ಏಕೆಂದರೆ ಊರ ಹತ್ತಿರದ ಕಾಡಿನಲ್ಲಿ ಸೌದೆ ನೆಲದಲ್ಲಿ ಉಳಿಯುವುದಿಲ್ಲ.

ಕಾಗದದ ಮೇಲೆ ಸಲೀಸಾಗಿ ಕಾಣುವ ಈ ಗೆರೆ ನಮ್ಮ ನದಿದಂಡೆಗೆ ಬಂದಾಗ ತೊಡಕಾಗುತ್ತದೆ. ಆರು ವೃತ್ತ ಕೂರಬೇಕಾದರೆ ಕಾಡು ಸುಮಾರು ನೂರೈವತ್ತು ಮೀಟರ್ ಅಗಲವಿರಬೇಕು. ನಮ್ಮಲ್ಲಿ ಎಷ್ಟೋ ಕಡೆ ಕಾಂಡ್ಲಾ ಎಂದರೆ ಹೊಳೆಗೂ ಗಜನಿ ಗದ್ದೆಯ ಒಡ್ಡಿಗೂ ನಡುವಿನ ಕಿರಿದಾದ ಪಟ್ಟಿ. ಅಂಥಲ್ಲಿ ಗೆರೆಯನ್ನು ಓರೆಯಾಗಿ ಎಳೆದು ಆರು ವೃತ್ತ ತುಂಬಿಸುವುದು ಸುಲಭ, ಆದರೆ ಆಗ ನೀರಿನ ಅಂಚಿನ ಮರಗಳೇ ಹೆಚ್ಚು ಲೆಕ್ಕಕ್ಕೆ ಬಂದು ಒಳಗಿನವು ಕಡಿಮೆಯಾಗುತ್ತವೆ. ನಾವು ಗೆರೆಯನ್ನು ಗಿಡ್ಡ ಮಾಡಿ, ಗೆರೆಗಳ ಸಂಖ್ಯೆ ಹೆಚ್ಚಿಸಿದೆವು. ವಿಧಾನವನ್ನು ನೆಲಕ್ಕೆ ಹೊಂದಿಸಿದ್ದನ್ನು ವರದಿಯ ಮೊದಲ ಪುಟದಲ್ಲೇ ಬರೆದೆವು.

ಮರದ ಅಳತೆಯ ಮಾತಿಗೆ ಬರೋಣ. ಉಪ್ಪಟಿ ಎಂದು ನಮ್ಮವರು ಕರೆಯುವ ಅವಿಸೀನಿಯಾ ಮರದ ಸುತ್ತಳತೆಯನ್ನು ಬೇರೆ ಕಾಡುಮರಗಳಂತೆ ಎದೆಮಟ್ಟದಲ್ಲಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆದುಕೊಳ್ಳಬಹುದು. ಕಾಂಡ್ಲಾ ಎಂದೇ ಕರೆಯುವ ರೈಜೊಫೊರಾ ಮರದಲ್ಲಿ ಎದೆಮಟ್ಟಕ್ಕೆ ಅರ್ಥವೇ ಇಲ್ಲ. ಅಲ್ಲಿ ಕಾಂಡವಲ್ಲ, ಊರುಗೋಲಿನ ಬೇರುಗಳು ಹರಡಿ ನಿಂತಿರುತ್ತವೆ. ಎಲ್ಲಕ್ಕಿಂತ ಮೇಲಿನ ಬೇರು ಕಾಂಡದಿಂದ ಹೊರಟ ಜಾಗ ಹುಡುಕಿ, ಅದರಿಂದ 30 ಸೆಂಟಿಮೀಟರ್ ಮೇಲೆ ಟೇಪ್ ಸುತ್ತಬೇಕು. ಕೆಲವು ಮರಗಳಲ್ಲಿ ಆ ಜಾಗ ನನ್ನ ತಲೆಗಿಂತ ಮೇಲೆ. ವಿದ್ಯಾರ್ಥಿಯೊಬ್ಬ ಬೇರಿನ ಮೇಲೆ ಕಾಲಿಟ್ಟು ಹತ್ತಿ, ಕೊಂಬೆಯನ್ನು ತಬ್ಬಿಕೊಂಡು ಅಂಕಿ ಕೂಗಿ ಹೇಳುವುದು, ಕೆಳಗಿದ್ದವಳು ಅದನ್ನು ಮತ್ತೆ ಕೂಗಿ ಖಾತ್ರಿ ಮಾಡಿಕೊಂಡು ಪೆನ್ಸಿಲಿನಲ್ಲಿ ಬರೆಯುವುದು. ಶಾಯಿ ಅಲ್ಲಿ ನಿಲ್ಲುವುದಿಲ್ಲ. ಎಕ್ಸೊಕೇರಿಯಾ ಮರ ಎದುರಾದರೆ ಎಲ್ಲರಿಗೂ ಮೊದಲೇ ಎಚ್ಚರಿಕೆ: ಎಲೆ ಕೀಳಬೇಡಿ, ಕೊಂಬೆ ಮುರಿಯಬೇಡಿ, ಅದರ ಹಾಲಿನಂಥ ರಸ ಕಣ್ಣಿಗೆ ಸಿಡಿದರೆ ಉರಿಯಲ್ಲಿ ಕಣ್ಣು ಬಿಡಲಾಗುವುದಿಲ್ಲ.

ಸುತ್ತಳತೆಯಲ್ಲಿ ಇಷ್ಟು ಬಿಗಿ ಏಕೆಂದು ಹುಡುಗರು ಕೇಳಿದ್ದರು. ದಡಕ್ಕೆ ಬಂದು ಕೂತಾಗ ಲೆಕ್ಕ ಹಾಕಿ ತೋರಿಸಿದೆ. ಮರವನ್ನು ಕಡಿಯದೆ ತೂಕ ತಿಳಿಯಲು ಬಳಸುವ ಸೂತ್ರ ಜಪಾನಿನ ಅಕಿರಾ ಕೊಮಿಯಾಮ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ್ದು. ಥಾಯ್ಲೆಂಡ್ ಮತ್ತು ಇಂಡೋನೇಷ್ಯಾದಲ್ಲಿ ಕಡಿದು ತೂಗಿದ ಮರಗಳ ಮೇಲೆ ಅದು ನಿಂತಿದೆ. ವ್ಯಾಸವನ್ನು 2.46ರ ಘಾತಕ್ಕೆ ಏರಿಸಿ, ಮರದ ಸಾಂದ್ರತೆಯಿಂದಲೂ 0.251ರಿಂದಲೂ ಗುಣಿಸಿದರೆ ನೆಲದ ಮೇಲಿನ ಒಣತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. ಸಾಂದ್ರತೆ 0.85 ಎಂದಿಟ್ಟುಕೊಂಡರೆ 10 ಸೆಂಟಿಮೀಟರ್ ವ್ಯಾಸದ ಮರದ ತೂಕ ಸುಮಾರು 62 ಕಿಲೋ. ಅದನ್ನೇ 11 ಸೆಂಟಿಮೀಟರ್ ಎಂದು ಬರೆದರೆ 78 ಕಿಲೋ. ಟೇಪ್ ಸ್ವಲ್ಪ ಕೆಳಗೆ, ಬೇರಿನ ಉಬ್ಬಿನ ಮೇಲೆ ಸುತ್ತಿದರೆ ಸಾಕು, ಒಂದೇ ಮರಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ತೂಕ ಸುಮ್ಮನೆ ಸೇರಿಕೊಳ್ಳುತ್ತದೆ. ಈ ಲೆಕ್ಕ ನೋಡಿದ ಮೇಲೆ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಮರದ ಕೆಲಸದಲ್ಲಿ ಮೈ ದಣಿಯುತ್ತದೆ. ಮಣ್ಣಿನ ಕೆಲಸದಲ್ಲಿ ಮೈಯೂ ಮನಸ್ಸೂ ದಣಿಯುತ್ತವೆ. ಆದರೆ ಈ ಅಳತೆಯ ಜೀವ ಇರುವುದು ಅಲ್ಲೇ.

ಮಣ್ಣು ತೆಗೆಯುವ ಬೈರಿಗೆ ಒಂದು ಮೀಟರ್ ಉದ್ದದ ಉಕ್ಕಿನ ಅರ್ಧ ಕೊಳವೆ. ಘಟ್ಟದ ಮೇಲೆ ತೋಟಕ್ಕೆ ನೀರು ಹರಿಸಲು ಅಡಿಕೆ ಮರವನ್ನು ಸೀಳಿ ಮಾಡುವ ದಬ್ಬೆಯ ಹಾಗಿರುತ್ತದೆ. ಅಂಚು ಮಾತ್ರ ಹರಿತ. ಅದನ್ನು ನೆಟ್ಟಗೆ, ನಿಧಾನವಾಗಿ ಕೆಸರಿಗೆ ಇಳಿಸಬೇಕು. ಸುತ್ತಿಗೆಯಿಂದ ಹೊಡೆದರೆ ಮಣ್ಣು ಒಳಗೆ ಅದುಮಿಕೊಂಡು ಸಾಂದ್ರತೆ ತಪ್ಪಾಗುತ್ತದೆ. ಪೂರ್ತಿ ಇಳಿದ ಮೇಲೆ ಹಿಡಿಯನ್ನು ತಿರುಗಿಸಿ ಮಣ್ಣನ್ನು ಕತ್ತರಿಸಿ, ತಿರುಗಿಸುತ್ತಲೇ ಮೇಲೆತ್ತಬೇಕು. ಕೆಸರು ಸುಲಭಕ್ಕೆ ಬಿಡುವುದಿಲ್ಲ. ಎಳೆದಷ್ಟೂ ನಮ್ಮ ಕಾಲೇ ಒಳಗೆ ಹೋಗುತ್ತದೆ. ಇಬ್ಬರು ಬೇರಿನ ಮೇಲೆ ನಿಂತು, ಒಬ್ಬರು ಹಿಡಿಯನ್ನು ಓಲಾಡಿಸದೆ ನೇರಕ್ಕೆ ಎತ್ತಿದರೆ ಮಾತ್ರ ಒಡೆಯದ ಮಣ್ಣಿನ ಕಂಬ ಸಿಗುತ್ತದೆ. ತಳದಲ್ಲಿ ಪೊಳ್ಳು ಬಿಟ್ಟು ಬಂದದ್ದನ್ನು ಎಸೆದು, ಒಂದು ಮಾರು ಪಕ್ಕದಲ್ಲಿ ಮತ್ತೆ ಇಳಿಸುತ್ತಿದ್ದೆವು.

ಮೇಲೆ ಬಂದ ಮಣ್ಣನ್ನು ಚಪ್ಪಟೆ ಚಾಕುವಿನಿಂದ ಸವರಿ ನೋಡುವ ಹೊತ್ತು ನನಗೆ ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು. ಉಪ್ಪಟಿ ಮರಗಳ ನಡುವೆ ತೆಗೆದ ಒಂದು ಕಂಬ ಹೀಗಿತ್ತು: ಮೇಲಿನ ಎರಡು ಬೆರಳಿನಷ್ಟು ಕಂದು ಬಣ್ಣದ ಸಡಿಲ ಕೆಸರು, ಅದರಲ್ಲಿ ಏಡಿ ಕೊರೆದ ಬಿಲದ ಗುರುತು. ಅದರ ಕೆಳಗೆ ಮಸಿಯಂತಹ ಕಪ್ಪು, ಅದರೊಳಗೆ ಕೂದಲೆಳೆಯಷ್ಟು ಸಪೂರದ ಬೇರುಗಳ ಹೆಣಿಗೆ. ಇನ್ನೂ ಕೆಳಗೆ ಬೂದು ಜೇಡಿ, ಅದರಲ್ಲಿ ಕೊಳೆಯದೆ ಉಳಿದ ಎಲೆಯ ಚೂರು, ಅಲ್ಲಲ್ಲಿ ಬಿಳಿ ಚಿಪ್ಪಿನ ತುಂಡು. ತಳದಲ್ಲಿ ಒರಟು ಮರಳು. ಗಾಳಿ ತಾಗುತ್ತಿದ್ದಂತೆಯೇ ಕಪ್ಪು ಬಣ್ಣ ಮಾಸಿ ಕಂದಾಗತೊಡಗಿತು. ಕಬ್ಬಿಣದ ಸಲ್ಫೈಡಿಗೆ ಆಮ್ಲಜನಕ ಸಿಕ್ಕ ಪರಿಣಾಮ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು.

ಆ ವಾಸನೆಯಲ್ಲೇ ಇಂಗಾಲ ಉಳಿಯುವ ಕಾರಣವಿದೆ. ನೀರು ತುಂಬಿದ ಕೆಸರಿನೊಳಕ್ಕೆ ಗಾಳಿ ಇಳಿಯುವುದು ಕೆಲವೇ ಮಿಲಿಮೀಟರು. ಅದರ ಕೆಳಗೆ ಆಮ್ಲಜನಕವಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಉಸಿರಾಡುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಎಲೆ, ಬೇರುಗಳ ಕೊಳೆತ ತೀರಾ ನಿಧಾನವಾಗುತ್ತದೆ. ಘಟ್ಟದ ಕಾಡಿನಲ್ಲಿ ಬಿದ್ದ ಎಲೆ ಕೆಲವು ಮಳೆಗಾಲ ಕಳೆಯುವುದರೊಳಗೆ ಮಣ್ಣಾಗಿ, ಅದರ ಹೆಚ್ಚಿನ ಇಂಗಾಲ ಗಾಳಿಗೆ ಮರಳುತ್ತದೆ. ಇಲ್ಲಿ ಅದರ ಒಂದು ಪಾಲು ಹೂಳಿನ ಕೆಳಗೆ ಸೇರಿ ನೂರಾರು ವರ್ಷ ಹಾಗೆಯೇ ಇರಬಲ್ಲದು. ಮರ ಕಡಿದು, ಒಡ್ಡು ಹಾಕಿ, ನೆಲ ಒಣಗಿಸಿದರೆ ಗಾಳಿ ಒಳಗಿಳಿಯುತ್ತದೆ, ಕೂಡಿಟ್ಟದ್ದೆಲ್ಲ ಹೊರಬೀಳಲು ಶುರುವಾಗುತ್ತದೆ. ಮರ ಕಡಿದ ನಷ್ಟ ಕಣ್ಣಿಗೆ ಕಾಣುತ್ತದೆ, ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಣ್ಣಿನ ಕಂಬವನ್ನು 0–15, 15–30, 30–50, 50–100 ಸೆಂಟಿಮೀಟರ್ ಎಂದು ವಿಂಗಡಿಸಿ, ಪ್ರತಿಯೊಂದರ ನಡುವಿನಿಂದ 5 ಸೆಂಟಿಮೀಟರ್ ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಬೇಕು. ಮೀಟರಿಗಿಂತ ಆಳವಿದ್ದರೆ ಬೈರಿಗೆಗೆ ಕೊಂಡಿ ಸೇರಿಸಿ ಮತ್ತೆ ಇಳಿಸಬೇಕು. ಪ್ರತಿ ವೃತ್ತದಲ್ಲೂ ಸಪೂರ ಸಲಾಕೆಯನ್ನು ಗಟ್ಟಿ ತಳ ತಾಗುವವರೆಗೆ ಒತ್ತಿ ಒಟ್ಟು ಆಳ ಬರೆದುಕೊಳ್ಳಬೇಕು. ಚೀಲದ ಹೊರಗೊಂದು ಚೀಟಿ, ಒಳಗೊಂದು ಚೀಟಿ.

ಒಂದು ಮಧ್ಯಾಹ್ನ ನಾವು ಬೈರಿಗೆ ತೊಳೆಯುತ್ತಿದ್ದಾಗ, ಬುಟ್ಟಿ ಹಿಡಿದು ಬಳಚು ಹೆಕ್ಕಲು ಬಂದ ಹೆಂಗಸರು ಸುತ್ತ ನಿಂತರು. ಅವರಲ್ಲಿ ಹಿರಿಯರೊಬ್ಬರು ಕೇಳಿದರು:

"ಅಕ್ಕೋರೇ, ಬಳಚು ಇಲ್ಲದ ಜಾಗದಲ್ಲಿ ಏನು ಹೆಕ್ಕುತ್ತಿದ್ದೀರಿ?"

"ಮಣ್ಣು ತೆಗೆಯುತ್ತಿದ್ದೇವೆ ಅಮ್ಮ. ಇದರಲ್ಲಿ ಎಷ್ಟು ಇಂಗಾಲ ಇದೆ ಎಂದು ನೋಡಬೇಕು."

"ಅದು ಗೊತ್ತಾದರೆ ಏನಾಗುತ್ತದೆ? ಇನ್ನೂ ಗಿಡ ನೆಡುತ್ತಾರಾ?"

"ನೆಡಬಹುದು."

"ನಮ್ಮ ಬಳಚಿನ ಹರವಿನಲ್ಲಿ ನೆಡಬೇಡಿ ಎಂದು ಬರೆಯಿರಿ. ಗಿಡ ಬಂದರೆ ಬೇರು ತುಂಬುತ್ತದೆ, ಕೈ ಹಾಕಲು ಆಗುವುದಿಲ್ಲ."

ಈ ಮಾತನ್ನು ನಾನು ದಾಖಲೆ ಪುಸ್ತಕದಲ್ಲಿ ಅಂದಿನ ಅಳತೆಗಳ ಕೆಳಗೆ ಹಾಗೆಯೇ ಬರೆದುಕೊಂಡೆ. ಇದಕ್ಕೆ ಮತ್ತೆ ಬರುತ್ತೇನೆ.

ಅಲ್ಲಿಂದ ಮೇಲೆ, ಒಡ್ಡು ಒಡೆದ ಗಜನಿಯೊಂದರಲ್ಲಿ ನಮ್ಮ ಇನ್ನೊಂದು ಗೆರೆ. ಗಜನಿ ಎಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ. ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು, ಮಳೆಗಾಲದಲ್ಲಿ ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುತ್ತಿದ್ದರು, ಮಾಣಿಕಟ್ಟಾ ಕಡೆ ಈಗಲೂ ಬೆಳೆಯುವವರಿದ್ದಾರೆ. ಒಡ್ಡು ಒಡೆದು ಯಾರೂ ಕಟ್ಟದೆ ಬಿಟ್ಟಲ್ಲಿ ಕಾಂಡ್ಲಾ ತಾನಾಗಿ ಬರುತ್ತದೆ. ಅಲ್ಲಿ ಬೈರಿಗೆ ಅರ್ಧ ಸಲೀಸಾಗಿ ಇಳಿದು ಒಮ್ಮೆಲೇ ಬಿಗಿಯಾಯಿತು. ಎತ್ತಿ ಸವರಿದಾಗ ಮೇಲೆ ಮೆತ್ತನೆಯ ಕಪ್ಪು ಕೆಸರು, ಕೆಳಗೆ ತುಕ್ಕಿನ ಚುಕ್ಕೆಗಳಿರುವ ಗಟ್ಟಿ ಜೇಡಿ, ನಡುವೆ ಚಾಕುವಿನಿಂದ ಎಳೆದಂತಹ ಗೆರೆ. ದೋಣಿಯ ಅಣ್ಣ ಬಗ್ಗಿ ಆ ಜೇಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ಗದ್ದೆಯ ಮಣ್ಣು ಅಕ್ಕೋರೇ. ಅಪ್ಪ ಇಲ್ಲಿ ಕಗ್ಗ ಬಿತ್ತುತ್ತಿದ್ದರು."

"ಒಡ್ಡು ಒಡೆದದ್ದು ಯಾವಾಗ ಅಣ್ಣ?"

ಅವರು ತಮ್ಮ ಮದುವೆಗೆ ಮುಂಚಿನ ಮಳೆಗಾಲ ಎಂದರು. ಊರಿನ ಇನ್ನಿಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದಾಗಲೂ ಅದೇ ಮಳೆಗಾಲ ಬಂತು.

ಇದು ಎಷ್ಟು ದೊಡ್ಡ ವಿಷಯ ಎಂದು ಹೇಳಬೇಕು. ಕಾಡಿನಲ್ಲಿ ಎಷ್ಟು ಇಂಗಾಲ ಇದೆ ಎನ್ನುವುದು ಒಂದು ಪ್ರಶ್ನೆ, ವರ್ಷಕ್ಕೆ ಎಷ್ಟು ಸೇರುತ್ತಿದೆ ಎನ್ನುವುದು ಬೇರೆಯೇ ಪ್ರಶ್ನೆ. ಬೈರಿಗೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಎಷ್ಟೋ ಸುದ್ದಿಗಳಲ್ಲಿ, ಭಾಷಣಗಳಲ್ಲಿ ಇವೆರಡನ್ನೂ ಕಲಸಿ, ನೂರಾರು ವರ್ಷ ಕೂಡಿದ್ದನ್ನು ಪ್ರತಿ ವರ್ಷ ಹೀರುತ್ತದೆ ಎಂಬಂತೆ ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಸೇರುವ ವೇಗ ತಿಳಿಯಬೇಕಾದರೆ ಮಣ್ಣಿನ ಪದರಕ್ಕೆ ವಯಸ್ಸು ಹೇಳಬೇಕು. ಅದಕ್ಕೆ 22 ವರ್ಷಗಳ ಅರ್ಧಾಯುವಿನ ವಿಕಿರಣಶೀಲ ಸೀಸ-210 ಬಳಸುತ್ತಾರೆ, ಅಥವಾ ಕೆಸರಿನ ಮೇಲೆ ಫೆಲ್ಡ್‌ಸ್ಪಾರ್ ಎಂಬ ಬಿಳಿ ಪುಡಿ ಹರಡಿ, ವರ್ಷಗಳ ನಂತರ ಅದರ ಮೇಲೆ ಎಷ್ಟು ಹೂಳು ಕೂತಿದೆ ಎಂದು ಅಳೆಯುತ್ತಾರೆ. ಸೀಸದ ಪರೀಕ್ಷೆ ನಮ್ಮ ಕಾಲೇಜಿನ ಕೈಗೆ ಎಟುಕುವುದಲ್ಲ. ಆದರೆ ಈ ಗಜನಿಯಲ್ಲಿ ಒಡ್ಡು ಒಡೆದ ವರ್ಷವೇ ಗುರುತಾಗಿ ನಿಂತಿತು. ಆ ಗೆರೆಯ ಮೇಲಿನ ಕೆಸರೆಲ್ಲ ಆಮೇಲೆ ಬಂದದ್ದು. ಒಂದೇ ಜಾಗದ ಗುರುತಿನಿಂದ ಇಡೀ ಅಳಿವೆಗೆ ವೇಗ ಹೇಳಲಾಗದು, ಹೇಳಲೂ ಇಲ್ಲ. ಆದರೂ ಪ್ರಯೋಗಶಾಲೆ ಕೊಡಲಾರದ ಮಾಹಿತಿಯನ್ನು ಅಲ್ಲಿ ದೋಣಿ ಹುಟ್ಟು ಹಾಕುವವರು ಕೊಟ್ಟರು. ಸಮೀಕ್ಷೆಗೆ ಬರುವವರು ಊರಿನವರನ್ನು ಕೂಲಿಗೆ ಕರೆಯುವ ಮೊದಲು ನೆಲದ ಚರಿತ್ರೆ ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಲೇಜಿಗೆ ಬಂದ ಮೇಲೆ ಚೀಲಗಳನ್ನು ಮೊದಲು ತಣ್ಣಗಿಡಬೇಕು, ಇಲ್ಲದಿದ್ದರೆ ಒಳಗಿನ ಜೀವಾಣುಗಳು ಕೆಲಸ ಮುಂದುವರಿಸುತ್ತವೆ. ಆಮೇಲೆ ಓವನ್‌ನಲ್ಲಿ 60 ಡಿಗ್ರಿಯಲ್ಲಿ, ಎರಡು ಸಲ ತೂಗಿದಾಗ ತೂಕ ಬದಲಾಗದಷ್ಟು ಒಣಗಿಸಬೇಕು. ಬೈರಿಗೆಯ ಒಳವ್ಯಾಸ 6 ಸೆಂಟಿಮೀಟರ್ ಇದ್ದರೆ 5 ಸೆಂಟಿಮೀಟರ್ ತುಂಡಿನ ಗಾತ್ರ ಸುಮಾರು 70 ಘನ ಸೆಂಟಿಮೀಟರ್. ಒಣತೂಕ 56 ಗ್ರಾಂ ಬಂದರೆ ಸಾಂದ್ರತೆ 0.8. ಇಷ್ಟು ಸರಳ. ಆದರೆ ಚೀಲದ ಮೂಲೆಯಲ್ಲಿ ಅಂಟಿ ಉಳಿದ ಕೆಸರನ್ನು ಬಿಟ್ಟರೆ ಸಾಂದ್ರತೆ ಇಳಿಯುತ್ತದೆ, ಅದರೊಂದಿಗೆ ಇಡೀ ಹೆಕ್ಟೇರಿನ ಇಂಗಾಲವೂ ಇಳಿಯುತ್ತದೆ.

ಮುಂದಿನದು ಇಂಗಾಲದ ಶೇಕಡಾವಾರು. ಇಲ್ಲಿ ಅಳಿವೆಯ ಮಣ್ಣು ಎರಡು ತೊಡಕು ತರುತ್ತದೆ.

ಮೊದಲನೆಯದು ಚಿಪ್ಪು. ಅಘನಾಶಿನಿಯ ಕೆಸರಿನಲ್ಲಿ ಬಳಚಿನ ಚಿಪ್ಪು ಎಲ್ಲೆಲ್ಲೂ ಇದೆ. ಅದು ಕ್ಯಾಲ್ಸಿಯಂ ಕಾರ್ಬೋನೇಟ್, ಅದರಲ್ಲೂ ಇಂಗಾಲವಿದೆ, ಆದರೆ ಎಲೆ, ಬೇರುಗಳು ಗಾಳಿಯಿಂದ ಹಿಡಿದು ಹೂತಿಟ್ಟ ಇಂಗಾಲ ಅದಲ್ಲ. ಮಣ್ಣನ್ನು ನೇರವಾಗಿ, ಇಂಗಾಲ, ಹೈಡ್ರೋಜನ್, ಸಾರಜನಕಗಳನ್ನು ಅಳೆಯುವ ಸಿಎಚ್‌ಎನ್ ವಿಶ್ಲೇಷಕ ಯಂತ್ರಕ್ಕೆ ಕೊಟ್ಟರೆ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ. ಅದಕ್ಕಾಗಿ ದೊಡ್ಡ ಚೂರುಗಳನ್ನು ಚಿಮಟದಿಂದ ಹೆಕ್ಕಿ, ಅರೆದ ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು. ಚಿಪ್ಪಿನ ಪುಡಿ ಇದ್ದರೆ ಚುರ್ರೆಂದು ಗುಳ್ಳೆ ಏಳುತ್ತದೆ. ಗುಳ್ಳೆ ನಿಲ್ಲುವವರೆಗೆ ಹಾಕುತ್ತಾ ಹೋಗಬೇಕು. ಕೆಲವು ಮಾದರಿಗಳು ಹನಿ ಬಿದ್ದರೂ ಸುಮ್ಮನಿದ್ದವು. ಬಳಚಿನ ಹರವಿನ ಹತ್ತಿರದವು ಬಹಳ ಹೊತ್ತು ನೊರೆಗರೆದವು.

ಎರಡನೆಯದು ಉಪ್ಪು. ನಮ್ಮಂತಹ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮಾಡುವುದು ವಾಕ್ಲೇ–ಬ್ಲ್ಯಾಕ್ ವಿಧಾನ. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲ ಹಾಕಿ ಅರ್ಧ ತಾಸು ಬಿಟ್ಟು, ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಶನ್ ಮಾಡುವುದು; ನೀಲಿ ನೇರಳೆ ಬಣ್ಣ ಒಮ್ಮೆಲೇ ಹಸಿರಿಗೆ ತಿರುಗಿದಾಗ ನಿಲ್ಲಿಸುವುದು. ಭತ್ತದ ಗದ್ದೆಯ ಮಣ್ಣಿಗೆ ಇದು ಒಳ್ಳೆಯ ವಿಧಾನ. ಅಳಿವೆಯ ಮಣ್ಣಿನಲ್ಲಿರುವ ಕ್ಲೋರೈಡ್ ತಾನೂ ಡೈಕ್ರೋಮೇಟನ್ನು ತಿನ್ನುತ್ತದೆ. ಅಂದರೆ ಉಪ್ಪು ಇಂಗಾಲದ ವೇಷದಲ್ಲಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅದನ್ನು ತಡೆಯಲು ಆಮ್ಲದಲ್ಲಿ ಸಿಲ್ವರ್ ಸಲ್ಫೇಟ್ ಬೆರೆಸಬೇಕು. ದುಬಾರಿ ರಾಸಾಯನಿಕ, ಆದರೆ ಅದನ್ನು ಬಿಟ್ಟರೆ ಅಂಕಿಗೆ ಬೆಲೆಯಿಲ್ಲ. ಇದರ ಜೊತೆಗೆ ಈ ವಿಧಾನ ಇಂಗಾಲವನ್ನು ಪೂರ್ತಿ ಸುಡುವುದಿಲ್ಲ, ಸುಮಾರು ಮುಕ್ಕಾಲು ಭಾಗ ಸುಡುತ್ತದೆ ಎಂದಿಟ್ಟುಕೊಂಡು 1.3ರಿಂದ ಗುಣಿಸುತ್ತಾರೆ. ಆ ಗುಣಾಂಕ ನಮ್ಮ ಕೆಸರಿಗೆ ಹೊಂದುತ್ತದೆಯೇ ಎಂದು ನೋಡಲು ಕೆಲವು ಮಾದರಿಗಳನ್ನು ಬೇರೆ ಪ್ರಯೋಗಶಾಲೆಯ ವಿಶ್ಲೇಷಕಕ್ಕೂ ಕಳಿಸಿದೆವು. ಎರಡು ದಾರಿಯ ಅಂಕಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಬೇಕೆಂದು ನಾನು ಹಟ ಹಿಡಿದೆ, ಹಾಗೆಯೇ ಮಾಡಿದೆವು.

ಕೊನೆಯ ಲೆಕ್ಕ ಅಂಗೈಯಷ್ಟು ಕಾಗದದಲ್ಲಿ ಮುಗಿಯುತ್ತದೆ. ಸಾಂದ್ರತೆ, ಸೆಂಟಿಮೀಟರಿನಲ್ಲಿ ಆಳ, ಇಂಗಾಲದ ಶೇಕಡಾವಾರು, ಈ ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಟನ್ ಬರುತ್ತದೆ. ಉದಾಹರಣೆಗೆ ಸಾಂದ್ರತೆ 0.8, ಇಂಗಾಲ ಶೇಕಡ 2.5, ಆಳ ಒಂದು ಮೀಟರ್ ಎಂದುಕೊಳ್ಳಿ: 0.8 × 100 × 2.5, ಅಂದರೆ ಹೆಕ್ಟೇರಿಗೆ 200 ಟನ್. ಅದೇ ಹೆಕ್ಟೇರಿನಲ್ಲಿ 10 ಸೆಂಟಿಮೀಟರ್ ವ್ಯಾಸದ ಸಾವಿರ ಕಾಂಡ್ಲಾ ಮರಗಳಿದ್ದರೆ, ಒಣತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಇಂಗಾಲವೆಂದು ಹಿಡಿದು, ನೆಲದ ಮೇಲಿನ ಇಂಗಾಲ ಸುಮಾರು 29 ಟನ್. ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು; 200 ಟನ್ ಇಂಗಾಲ 734 ಟನ್ ಡೈಆಕ್ಸೈಡ್ ಆಗುತ್ತದೆ. ವರದಿ ಓದುವಾಗ ಇವೆರಡರಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ಮೊದಲು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಅದನ್ನು ಗಮನಿಸದೆ ಹೋದರೆ ಕಾಡು ಇದ್ದಲ್ಲೇ ಇದ್ದು ಅಂಕಿ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ನಮ್ಮ ಎಲ್ಲ ಗೆರೆಗಳಲ್ಲೂ ಮಣ್ಣಿನ ಪಾಲೇ ದೊಡ್ಡದು. ತಳದಲ್ಲಿ ಬೇಗ ಮರಳು ಸಿಕ್ಕ ಕಡೆ ಅದು ಕುಗ್ಗಿತು, ಜೇಡಿ ಆಳಕ್ಕೆ ಇಳಿದ ಕಡೆ ಹಿಗ್ಗಿತು. ಒಂದೇ ದಂಡೆಯ ಎರಡು ವೃತ್ತಗಳ ನಡುವೆಯೂ ವ್ಯತ್ಯಾಸ ದೊಡ್ಡದಿತ್ತು. ಹಾಗಾಗಿ ನಾವು ಸರಾಸರಿಯ ಪಕ್ಕದಲ್ಲಿ ಏರುಪೇರಿನ ಅಳತೆಯನ್ನೂ ಕೊಡದೆ ಒಂದು ಅಂಕಿಯನ್ನೂ ಹೊರಗೆ ಬಿಡಲಿಲ್ಲ. "ಒಂದೇ ಸಂಖ್ಯೆ ಹೇಳಿ ಮೇಡಂ, ಅಷ್ಟು ಸಾಕು" ಎಂದು ಕೇಳಿದವರಿಗೆ, ಒಂದೇ ಸಂಖ್ಯೆ ಇಲ್ಲ ಎಂದೇ ಹೇಳಿದೆ.

ಈಗ ಬಳಚಿನ ಹರವಿನ ಮಾತು. 2023ರ ಕೇಂದ್ರ ಬಜೆಟ್‌ನಲ್ಲಿ ಕಾಂಡ್ಲಾ ನೆಡಲೆಂದು ಮಿಷ್ಟಿ ಯೋಜನೆ ಘೋಷಣೆಯಾಯಿತು. ನೆಡುವುದು ಒಳ್ಳೆಯದೇ. ಆದರೆ ಎಲ್ಲಿ ನೆಡುತ್ತೇವೆ ಎಂಬುದು ಎಷ್ಟು ನೆಡುತ್ತೇವೆ ಎಂಬುದಕ್ಕಿಂತ ಮುಖ್ಯ. ಗಿಡವಿಲ್ಲದ ಕೆಸರಿನ ಬಯಲು ಖಾಲಿ ಜಾಗವಲ್ಲ. ಅಲ್ಲಿ ಬಳಚು ಬೆಳೆಯುತ್ತದೆ, ಹಕ್ಕಿ ಮೇಯುತ್ತದೆ, ನೂರಾರು ಮನೆಗಳ ಒಲೆ ಉರಿಯುತ್ತದೆ. ಆ ಬಯಲಿನ ಲೆಕ್ಕವೇ ಇಲ್ಲದೆ, ನೆಟ್ಟ ಮೇಲೆ ಬಂದ ಇಂಗಾಲವನ್ನೆಲ್ಲ ಲಾಭ ಎಂದು ಬರೆಯುವುದು ಸರಿಯಲ್ಲ, ಮೊದಲೇ ಇದ್ದುದನ್ನು ಕಳೆಯಬೇಕು. ಅದಕ್ಕಾಗಿ ನಮ್ಮ ಯೋಜನೆಯಲ್ಲಿ ಇಲ್ಲದಿದ್ದ ಒಂದು ಗೆರೆಯನ್ನು ಸೇರಿಸಿದೆವು. ಎಲ್ಲಿ ಬೈರಿಗೆ ಇಳಿಸಿದರೆ ಬಳಚಿನ ಮರಿಗಳಿಗೆ ತೊಂದರೆಯಿಲ್ಲ ಎಂದು ಆ ಹಿರಿಯ ಹೆಂಗಸರೇ ಮುಂದೆ ನಡೆದು ತೋರಿಸಿದರು. ಅಲ್ಲಿನ ಮಣ್ಣಿನಲ್ಲಿ ಆಮ್ಲ ಹಾಕಿ ಚಿಪ್ಪು ಕಳೆದ ಮೇಲೂ ಇಂಗಾಲ ಉಳಿಯಿತು. ಮರದಡಿಯ ಮಣ್ಣಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ.

ಅರಣ್ಯ ಇಲಾಖೆಗೂ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಟ್ಟ ಕೋಷ್ಟಕದಲ್ಲಿ ನಾವು ಮೂರು ಸಾಲು ಮಾಡಿದ್ದೇವೆ: ಹಳೆಯ ಉಪ್ಪಟಿ ಕಾಡು, ಒಡ್ಡು ಒಡೆದ ಗಜನಿಯಲ್ಲಿ ತಾನಾಗಿ ಬಂದ ಕಾಂಡ್ಲಾ, ಗಿಡವಿಲ್ಲದ ಬಳಚಿನ ಬಯಲು. ಪ್ರತಿ ಸಾಲಿನಲ್ಲೂ ಇಲ್ಲಿ ಅಳೆದದ್ದು ಯಾವುದು, ಹೊರಗಿನ ಸೂತ್ರದಿಂದ ಬಂದದ್ದು ಯಾವುದು ಎಂದು ಬೇರೆ ಬೇರೆ ಅಂಕಣದಲ್ಲಿ ನಮೂದಿಸಿದ್ದೇವೆ. ಮೂರನೆಯ ಸಾಲಿನ ಎದುರು, ಷರಾ ಅಂಕಣದಲ್ಲಿ, "ಇಲ್ಲಿ ನೆಡಬಾರದು, ಬಳಚು ಹೆಕ್ಕುವವರ ಜಾಗ" ಎಂದು ಬರೆದಿದ್ದೇವೆ.